ಬಸ್ರೂರಿನ ಅಕ್ಕಿ, ಬಟಾವಿಯಾದ ಕೋಳಿ, ವುಕೈರಿನ ಗಂಜಿ

ಕಳೆದ ಜೂನ್ 22ರಂದು ನಮ್ಮ ಆಸ್ಪತ್ರೆಯ ಫಾರ್ಮಸಿ ಕಿಟಕಿಗೆ ಇಂಡೊನೇಷ್ಯಾದ ಸಿಸ್ಟರ್ ಒಬ್ಬರು ಸಣ್ಣ ಡಬ್ಬಿಯೊಂದನ್ನು ತಂದುಕೊಟ್ಟರು. ಒಳಗೆ ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳು. ಕಚ್ಚಿದರೆ ಬೆಲ್ಲದ ಪಾಕ, ಮೇಲೆ ತೆಂಗಿನತುರಿ. ನಮ್ಮ ಸಿಹಿ ಕಡುಬಿನ ತಮ್ಮನ ಹಾಗೆ. “ಏನು ವಿಶೇಷ?” ಎಂದು ಕೇಳಿದೆವು. “ಇವತ್ತು ನಮ್ಮ ಜಕಾರ್ತಾದ ಹುಟ್ಟುಹಬ್ಬ” ಎಂದರು.

ಊರಿಗೂ ಹುಟ್ಟುಹಬ್ಬವೇ ಎಂದು ನಾವು ನಕ್ಕೆವು. ಅವರು ನಗಲಿಲ್ಲ. ಔಷಧದ ಟ್ರೇ ತಯಾರಾಗುವ ಹತ್ತು ನಿಮಿಷದಲ್ಲಿ ನಿಂತಲ್ಲೇ ತಮ್ಮ ಊರಿನ ಕಥೆಯನ್ನು ಇಸವಿಗಳ ಸಮೇತ ಹೇಳಿದರು. ಕೊನೆಗೆ, “ನೀವೂ ಕಡಲ ಕಡೆಯವರಲ್ಲವೇ? ನಿಮ್ಮ ಊರಿನ ಬಂದರು ಯಾವುದು, ಅಲ್ಲಿಗೆ ಯಾರು ಬಂದಿದ್ದರು?” ಎಂದು ಕೇಳಿದರು.

ನಮ್ಮ ಮನೆ ಕುಂದಾಪುರದ ಹತ್ತಿರ, ಬಸ್ರೂರಿನ ಮಗ್ಗುಲಲ್ಲಿ. ಬಸ್ರೂರು ಹಳೇ ಬಂದರು ಎಂದು ಶಾಲೆಯಲ್ಲಿ ಮಾಸ್ತರರು ಹೇಳಿದ್ದು ಬಿಟ್ಟರೆ ಬೇರೆ ಏನೂ ನಮ್ಮ ಬಾಯಿಗೆ ಬರಲಿಲ್ಲ. ಡಿ.ಫಾರ್ಮ ಮುಗಿಸಿ, ಮಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಕತಾರಿಗೆ ಬಂದು ಅಲ್ ವುಕೈರ್‌ನಲ್ಲಿ ಸಂಸಾರ ಹೂಡಿದ ನಮಗೆ ಊರಿನ ಬಗ್ಗೆ ಗೊತ್ತಿದ್ದದ್ದು ಬಸ್ಸಿನ ವೇಳಾಪಟ್ಟಿ, ಜಾಗದ ರೇಟು, ಮದುವೆ ಹಾಲಿನ ಬಾಡಿಗೆ. ಆ ನಾಚಿಕೆಯಲ್ಲಿ ಹುಡುಕಿ ಓದಿದ್ದೇ ಈ ಲೇಖನ. ಓದುಗರು ತಪ್ಪಿದ್ದರೆ ತಿದ್ದಬೇಕು.

ಸಿಸ್ಟರ್ ಹೇಳಿದ ಕಥೆ

ಜಕಾರ್ತಾದ ಹಳೆಯ ಹೆಸರು ಸುಂಡಾ ಕಲಾಪ. ಅದು ಸುಂಡಾ ರಾಜ್ಯದ ಮೆಣಸಿನ ಬಂದರು. 1522ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಲು ಸುಂಡಾ ರಾಜನೊಡನೆ ಒಪ್ಪಂದ ಮಾಡಿಕೊಂಡು ಒಂದು ಕಲ್ಲು ನೆಟ್ಟರು. 1918ರಲ್ಲಿ ಹಳೇ ಪೇಟೆಯಲ್ಲಿ ಅಗೆಯುವಾಗ ಆ ಕಲ್ಲು ಸಿಕ್ಕಿತು. ಕೋಟೆ ಮಾತ್ರ ಏಳಲಿಲ್ಲ. 1527ರಲ್ಲಿ ಫತಾಹಿಲ್ಲಾ ಎಂಬ ಸೇನಾನಿ ಬಂದರನ್ನು ಗೆದ್ದು ಜಯಕರ್ತ ಎಂದು ಹೆಸರಿಟ್ಟ. ಅದರ ನೆನಪಿಗೇ ಜೂನ್ 22ರ ಹುಟ್ಟುಹಬ್ಬ.

ಆಮೇಲೆ ಬಂದವರು ಡಚ್ಚರು. 1602ರಲ್ಲಿ ಹುಟ್ಟಿದ ಅವರ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಪೀಟರ್ಸೂನ್ ಕೂನ್ ಎಂಬವನು 1619ರಲ್ಲಿ ಜಯಕರ್ತವನ್ನು ಸುಟ್ಟು, ಅದೇ ಬೂದಿಯ ಮೇಲೆ ಬಟಾವಿಯಾ ಎಂಬ ಹೊಸ ಪಟ್ಟಣ ಎಬ್ಬಿಸಿದ. ಎರಡು ವರ್ಷ ಕಳೆದು ಜಾಯಿಕಾಯಿಯ ಬಾಂಡಾ ದ್ವೀಪಗಳಲ್ಲಿ ಅವನ ಪಡೆ ಮಾಡಿದ ಕೊಲೆಗಳಿಂದ ಅಲ್ಲಿನ ಮೂಲ ಜನ ಬೆರಳೆಣಿಕೆಗೆ ಇಳಿದರು. ಏಷ್ಯಾದ ಡಚ್ ವ್ಯಾಪಾರಕ್ಕೆಲ್ಲ ಬಟಾವಿಯಾವೇ ತಲೆಮನೆಯಾಯಿತು. 1799ರ ಡಿಸೆಂಬರ್ 31ಕ್ಕೆ ಸಾಲದಲ್ಲಿ ಮುಳುಗಿದ್ದ ಆ ಕಂಪನಿ ಬಾಗಿಲು ಹಾಕಿತು. ಊರಿಗೆ ಜಕಾರ್ತಾ ಎಂಬ ಹೆಸರು ಮರಳಿ ಬಂದದ್ದು 1942ರಲ್ಲಿ.

ಈ 1799 ಎಂಬ ಇಸವಿ ನೆನಪಿರಲಿ. ಮುಂದೆ ಬೇಕಾಗುತ್ತದೆ.

ನಮ್ಮ ಹೊಳೆಯ ಬಂದರು

ಕುಂದಾಪುರದಿಂದ ಮೂಡಣಕ್ಕೆ ಐದಾರು ಕಿಲೋಮೀಟರು, ವಾರಾಹಿ ಹೊಳೆಯ ದಡದಲ್ಲಿ ಬಸ್ರೂರು. ಇಂದು ಅಲ್ಲಿ ಇಳಿದವರಿಗೆ ಮಹಾಲಿಂಗೇಶ್ವರ ದೇವಸ್ಥಾನ, ಕೆರೆಗಳು, ಮೂಡುಕೇರಿ, ಪಡುಕೇರಿ ಎಂಬ ಹೆಸರುಗಳು, ಅಲ್ಲಲ್ಲಿ ಶಾಸನದ ಕಲ್ಲುಗಳು ಕಾಣುತ್ತವೆ. ಆ ಕಲ್ಲುಗಳಲ್ಲಿ ‘ಹಲರು’, ‘ಸೆಟ್ಟಿಕಾರರು’ ಎಂಬ ಮಾತು ಬರುತ್ತದೆ. ಇವು ವರ್ತಕರ ಕೂಟಗಳು. ರಾಜ ವಿಜಯನಗರದವನೇ ಇರಲಿ, ಪೇಟೆಯ ಒಳಾಡಳಿತ ಬಹುಮಟ್ಟಿಗೆ ಈ ಸೆಟ್ಟರ ಕೈಯಲ್ಲಿತ್ತು.

1342ರ ಸುಮಾರಿಗೆ ಈ ದಾರಿಯಲ್ಲಿ ಹೋದ ಮೊರಾಕ್ಕೋದ ಇಬ್ನ್ ಬತೂತ ಹೊನ್ನಾವರ, ಬಸ್ರೂರು, ಬಾರ್ಕೂರು, ಮಂಗಳೂರುಗಳನ್ನು ಒಂದರ ಹಿಂದೆ ಒಂದಾಗಿ ಹೆಸರಿಸುತ್ತಾನೆ. ಬಸ್ರೂರು ಅವನ ಬಾಯಲ್ಲಿ ‘ಅಬೂ ಸರೂರ್’. ಮಂಗಳೂರಿನಲ್ಲಿ ಪಾರಸದ ಮತ್ತು ಯೆಮೆನಿನ ವರ್ತಕರು ಇಳಿಯುತ್ತಾರೆ, ಮೆಣಸು, ಶುಂಠಿ ಹೇರಳ ಎನ್ನುತ್ತಾನೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದು ಲೆಕ್ಕ ಕೊಡುತ್ತಾನೆ. ಗಲ್ಫಿಗೂ ನಮಗೂ ನಂಟು ಎಣ್ಣೆ ಸಿಕ್ಕ ಮೇಲೆ ಹುಟ್ಟಿದ್ದು ಎಂದುಕೊಂಡಿದ್ದ ನಮಗೆ ಇದನ್ನು ಓದಿ ಮೈ ಜುಮ್ಮೆಂದಿತು. ಆಗ ಕೆಲಸ ಹುಡುಕಿಕೊಂಡು ಬರುತ್ತಿದ್ದವರು ಅವರು. ಇಳಿಸಿಕೊಳ್ಳುತ್ತಿದ್ದವರು ನಾವು.

ಅವರಿಗೆ ಬೇಕಾಗಿದ್ದದ್ದು ಮೆಣಸು ಮಾತ್ರವಲ್ಲ, ಮುಖ್ಯವಾಗಿ ಅಕ್ಕಿ. ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ದ್ವೀಪ ಅಂದಿನ ದೊಡ್ಡ ಸಂತೆ. ಆದರೆ ಅದು ಉಪ್ಪಿನ ಗುಡ್ಡ. ಅಲ್ಲಿ ಬೆಳೆ ಇಲ್ಲ, ಕುಡಿಯುವ ನೀರನ್ನೂ ಹೊರಗಿನಿಂದ ತರಬೇಕು. ಮಸ್ಕತ್ತಿನ ಪಾಡೂ ಹೆಚ್ಚು ಬೇರೆಯಲ್ಲ. ಇತ್ತ ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದು ಹೊಸ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟುವ ಹೊತ್ತಿಗೆ ಕಡಲು ತೆರೆದು, ಈಶಾನ್ಯದ ಗಾಳಿ ಹಡಗನ್ನು ಅರಬ್ ದಡಕ್ಕೆ ದೂಡುತ್ತಿತ್ತು. ಅತ್ತಣಿಂದ ಬರುತ್ತಿದ್ದ ದೊಡ್ಡ ಸರಕು ಕುದುರೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಹೊರ್ಮುಜಿನಿಂದ ಹೊರಟು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು.

ಸುಮಾರು 1516ರಲ್ಲಿ ಬರೆದ ಪೋರ್ಚುಗೀಸ ದುವಾರ್ತೆ ಬಾರ್ಬೋಸ ಮಂಗಳೂರಿನ ಬಗ್ಗೆ ಒಂದು ಮಾತು ಹೇಳುತ್ತಾನೆ: ಇಲ್ಲಿ ಹಡಗಿಗೆ ತುಂಬುವ ಕಪ್ಪು ಬಣ್ಣದ ಅಕ್ಕಿ ಬಿಳಿ ಅಕ್ಕಿಗಿಂತ ಒಳ್ಳೆಯದು, ದೇಹಕ್ಕೂ ಹಿತ, ಬೆಲೆಯೂ ಕಡಿಮೆ. ಕಪ್ಪು ಅಕ್ಕಿ, ದೇಹಕ್ಕೆ ಹಿತ ಎಂದು ಓದಿದ ಕೂಡಲೇ ನಮ್ಮ ಕಣ್ಣ ಮುಂದೆ ಬಂದದ್ದು ಕೆಂಪು ಕುಚ್ಚಲಕ್ಕಿ. ಈ ಮಾತನ್ನೂ ನೆನಪಿನಲ್ಲಿಡಿ.

ನಮ್ಮ ಕಸುಬಿನ ಹಿರಿಯನೊಬ್ಬ

ಇಲ್ಲಿ ಫಾರ್ಮಸಿಯವರಾದ ನಮಗೆ ಹೆಮ್ಮೆಯ ಸಂಗತಿ ಒಂದಿದೆ. ಅದೇ ಕಾಲದಲ್ಲಿ ಪೂರ್ವದ ಬಂದರುಗಳ ಬಗ್ಗೆ ಬಹಳ ವಿವರವಾದ ಪುಸ್ತಕ ಬರೆದ ತೋಮೆ ಪಿರೆಸ್ ಔಷಧ ಮಾರುವವನು, ಪೋರ್ಚುಗಲ್ಲಿನ ರಾಜಕುಮಾರನ ಔಷಧಗಾರನಾಗಿದ್ದವನು. 1511ರಲ್ಲಿ ಔಷಧ ದ್ರವ್ಯಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಭಾರತಕ್ಕೆ ಬಂದ. ಮರುವರ್ಷ ಮಲಕ್ಕಾಕ್ಕೆ ಹೋದ. ಅವನ ‘ಸುಮಾ ಓರಿಯೆಂತಾಲ್’ನಲ್ಲಿ ಕೊಲ್ಲಿಯ ಹೊರ್ಮುಜ್ ಇದೆ, ನಮ್ಮ ಹೊನ್ನಾವರ, ಭಟ್ಕಳಗಳಿವೆ, ಸಿಸ್ಟರ್ ಊರಿನ ಕಲಾಪ ಬಂದರೂ ಇದೆ. ಒಬ್ಬ ಫಾರ್ಮಸಿಸ್ಟಿನ ಕೈಬರಹದಲ್ಲಿ ಅವರ ಊರು, ನಮ್ಮ ಕರಾವಳಿ, ನಾವೀಗ ಬದುಕುವ ಕೊಲ್ಲಿ ಮೂರೂ ಒಂದೇ ಪುಸ್ತಕದೊಳಗೆ. ಮುಂದೆ ಅವನನ್ನು ರಾಯಭಾರಿಯಾಗಿ ಚೀನಾಕ್ಕೆ ಕಳಿಸಿದರು. ಅಲ್ಲಿ ಸೆರೆಯಾದವನು ಮನೆಗೆ ಮರಳಲಿಲ್ಲ. ಅವನ ಪುಸ್ತಕದ ಪೂರ್ಣ ಪ್ರತಿ ಪ್ಯಾರಿಸಿನಲ್ಲಿ ಸಿಕ್ಕಿದ್ದು 1937ರಲ್ಲಿ. ಪರದೇಶಕ್ಕೆ ಹೋದವನ ಲೆಕ್ಕದ ಪುಸ್ತಕ ಮಾತ್ರ ಊರು ಸೇರಿತು.

ಹೊಳೆಬಾಯಲ್ಲಿ ಕೋಟೆ

ಅಲ್ಬುಕರ್ಕ್ 1510ರಲ್ಲಿ ಗೋವೆ, 1511ರಲ್ಲಿ ಮಲಕ್ಕಾ, 1515ರಲ್ಲಿ ಹೊರ್ಮುಜ್ ಹಿಡಿದ. ಕಡಲಿನ ಮೂರು ಬಾಗಿಲಿಗೆ ಒಬ್ಬನೇ ಬೀಗ ಹಾಕಿದಂತಾಯಿತು. ಆಮೇಲೆ ಹಡಗು ಹೊರಡಬೇಕಾದರೆ ಪೋರ್ಚುಗೀಸರ ‘ಕರ್ತಾಸ್’ ಎಂಬ ಪರವಾನಗಿ ಚೀಟಿ ಬೇಕು. ಎಲ್ಲಿಂದ ಎಲ್ಲಿಗೆ, ಯಾವ ಸರಕು ಎಂಬುದು ಅದರಲ್ಲಿ ಇರಬೇಕು. ಅವರ ಬಂದರಿನಲ್ಲಿ ಸುಂಕ ಕಟ್ಟಬೇಕು. ಚೀಟಿ ಇಲ್ಲದ ಹಡಗು ಜಪ್ತಿ. ಅಜ್ಜನ ಕಾಲದಿಂದ ಓಡಾಡಿದ ಕಡಲಿಗೇ ಪರವಾನಗಿ! ಕಿಸೆಯಲ್ಲಿ ಕತಾರ್ ಐಡಿ ಇಟ್ಟುಕೊಂಡು, ಅದರ ಕೊನೆಯ ತಾರೀಕನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಂಡಿರುವ ನಮಗೆ ಆ ನಾಖುದನ ಹೊಟ್ಟೆಯ ಕಳವಳವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ನಾವು ಇನ್ನೊಬ್ಬರ ನೆಲಕ್ಕೆ ಕೇಳಿಕೊಂಡು ಬಂದವರು. ಅವನು ತನ್ನದೇ ದಡದಲ್ಲಿ ನಿಂತು ಬಂದವರನ್ನು ಕೇಳಬೇಕಾಗಿತ್ತು.

1568ರಲ್ಲಿ ಮಂಗಳೂರು, 1569ರಲ್ಲಿ ಹೊನ್ನಾವರ ಮತ್ತು ಬಸ್ರೂರಿನಲ್ಲಿ ಪೋರ್ಚುಗೀಸರು ನೆಲೆಯೂರಿದರು. ಬಸ್ರೂರಿನ ಅವರ ಕೋಟೆ ಇದ್ದದ್ದು ಹೊಳೆಯ ಕೆಳಗೆ, ಕಡಲಿನ ಕಡೆಗೆ. ಹಾಗಾಗಿ ‘ಕೆಳ ಬಸ್ರೂರು’ ಅವರದು, ‘ಮೇಲಿನ ಬಸ್ರೂರು’ ಸೆಟ್ಟರದು. ಇಲ್ಲಿನ ರಾಜರಿಂದ ಕಪ್ಪವನ್ನು ಅಕ್ಕಿಯ ರೂಪದಲ್ಲಿಯೂ ಎತ್ತುತ್ತಿದ್ದರು. ಅವರ ಲೆಕ್ಕದಲ್ಲಿ ಒಂದು ಮೂಟೆ ಎಂದರೆ ‘ಫಾರ್ದು’. ಗೋವೆಯ ಊಟವೂ ಈ ಅಕ್ಕಿಯನ್ನೇ ನಂಬಿತ್ತು. ಕಾವಲು ಹಡಗಿನ ಬೆಂಗಾವಲಿನಲ್ಲಿ ಅಕ್ಕಿಯ ದೋಣಿಗಳು ಸಾಲುಸಾಲಾಗಿ ಗೋವೆಗೆ ಹೋಗುತ್ತಿದ್ದವು. 1636ರಿಂದ ಕೆಲವು ವರ್ಷ ಗೋವೆಯ ಬಂದರಿನ ಬಾಯಿಗೆ ಅಡ್ಡ ನಿಂತ ಡಚ್ ಹಡಗುಗಳು ಎಲ್ಲಿಂದ ಬಂದವು ಗೊತ್ತೇ? ಅದೇ ಬಟಾವಿಯಾದಿಂದ.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಈ ಭಾಗದಲ್ಲೆಲ್ಲ ಓಡಾಡಿದ. ಕೆಳದಿ ರಾಜ್ಯದಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ, ಹಾಡಿಕೊಳ್ಳುತ್ತಾ ಲೆಕ್ಕ ಬರೆಯುವುದನ್ನು ಕಂಡ. ಉಳ್ಳಾಲದ ರಾಣಿಯನ್ನು ಅವನು ನೋಡಿದ್ದು ಅರಮನೆಯಲ್ಲಲ್ಲ. ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ಆಕೆ ಬರಿಗಾಲಲ್ಲಿ ನಡೆದುಬಂದಿದ್ದಳು. ಪೋರ್ಚುಗೀಸರ ಎದುರು ನಿಂತ ಉಳ್ಳಾಲದ ರಾಣಿಯರ ಬಲ ಎಲ್ಲಿತ್ತು ಎಂಬುದು ಈ ಒಂದು ನೋಟದಲ್ಲೇ ಕಾಣುತ್ತದೆ. ಅಕ್ಕಿ ಯಾರ ಕೈಯಲ್ಲೋ ಬಲವೂ ಅವರ ಕೈಯಲ್ಲಿ.

ಹಾಗಾದರೆ ಬಸ್ರೂರು ಯಾಕೆ ಬಟಾವಿಯಾ ಆಗಲಿಲ್ಲ? ನಮಗೆ ತೋರುವ ಕಾರಣ ಇಷ್ಟು. ಕೂನ್ ಊರನ್ನೇ ಸುಟ್ಟು ತನ್ನ ಊರು ಕಟ್ಟಿದ. ಇಲ್ಲಿ ಪೋರ್ಚುಗೀಸರ ಕೈಗೆ ಹೊಳೆಬಾಯಿ ಸಿಕ್ಕಿತೇ ಹೊರತು ಗದ್ದೆಯಾಗಲಿ ಘಟ್ಟದ ದಾರಿಯಾಗಲಿ ಸಿಕ್ಕಲಿಲ್ಲ. ಅವರಿಗೂ ಅಕ್ಕಿಯನ್ನು ಇಲ್ಲಿನವರಿಂದಲೇ ಕೊಳ್ಳಬೇಕಾಗಿತ್ತು. 1622ರಲ್ಲಿ ಹೊರ್ಮುಜ್, 1650ರಲ್ಲಿ ಮಸ್ಕತ್ ಅವರ ಕೈತಪ್ಪಿದವು. ಕೆಳದಿಯ ಶಿವಪ್ಪ ನಾಯಕ 1652ರಿಂದ 1654ರೊಳಗೆ ಕರಾವಳಿಯ ಕೋಟೆಗಳಿಂದ ಅವರನ್ನು ಎಬ್ಬಿಸಿದ. 1665ರಲ್ಲಿ ಶಿವಾಜಿ ಕಡಲಿನಿಂದ ಬಂದು ಬಸ್ರೂರನ್ನು ಸೂರೆಮಾಡಿದ. ಸೂರೆಗೆ ಬರಬೇಕಾದರೆ ಅಲ್ಲಿ ಇನ್ನೂ ಸಂಪತ್ತು ಇದ್ದಿರಲೇಬೇಕಲ್ಲ. ಹೈದರಾಲಿ ಮತ್ತು ಟಿಪ್ಪುವಿನ ಕಾಲಕ್ಕೆ ಮಂಗಳೂರು ಮುಂದೆ ಬಂತು. ಮಸ್ಕತ್ತಿನಲ್ಲಿ ಟಿಪ್ಪುವಿನ ವ್ಯಾಪಾರದ ಕೋಠಿ ಇತ್ತು, ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಜೀವಾಳವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕರಾವಳಿ ಇಂಗ್ಲಿಷ್ ಕಂಪನಿಯ ಪಾಲಾಯಿತು. ಡಚ್ಚರ ಕಂಪನಿ ಬಾಗಿಲು ಹಾಕಿದ ವರ್ಷವೇ ನಮ್ಮಲ್ಲಿ ಇನ್ನೊಂದು ಕಂಪನಿ ಬಾಗಿಲು ತೆರೆಯಿತು.

ಬಟಾವಿಯಾದ ಕೋಳಿ

ಈಗ ಬಾರ್ಬೋಸನ ಕಪ್ಪು ಅಕ್ಕಿಗೆ ಮರಳೋಣ. ಅದಕ್ಕೆ ಉತ್ತರ ಸಿಕ್ಕಿದ್ದು ಬಟಾವಿಯಾದ ಆಸ್ಪತ್ರೆಯಲ್ಲಿ, ಅದೂ ಕೋಳಿಗಳಿಂದ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡಚ್ಚರ ಸೈನ್ಯವನ್ನು ಬೆರಿಬೆರಿ ಎಂಬ ಕಾಯಿಲೆ ಕಾಡುತ್ತಿತ್ತು. ಕಾಲು ಜೋಮು ಹಿಡಿದು, ನಡೆಯಲಾಗದೆ, ಕೊನೆಗೆ ಹೃದಯ ಸೋತು ಜನ ಸಾಯುತ್ತಿದ್ದರು. ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಾಕ್ಟರು ಇದು ರೋಗಾಣುವಿನ ಕೆಲಸವೆಂದು ಹುಡುಕುತ್ತಿದ್ದರು. ಅಷ್ಟರಲ್ಲಿ ಪ್ರಯೋಗಾಲಯದ ಕೋಳಿಗಳಿಗೇ ಅಂಥ ಕಾಯಿಲೆ ಬಂತು, ಕೆಲವು ತಿಂಗಳಲ್ಲಿ ತಾನಾಗಿ ವಾಸಿಯೂ ಆಯಿತು. ವಿಚಾರಿಸಿದರೆ, ಕಾಯಿಲೆಯ ದಿನಗಳಲ್ಲಿ ಕೋಳಿಗಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಶ್ ಮಾಡಿದ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಅದನ್ನು ಕೊಡಲು ಒಪ್ಪದೆ ಹೋದಾಗ ಮತ್ತೆ ತವುಡಿರುವ ಅಕ್ಕಿ ಹಾಕಿದ್ದರು. ವಾಸಿಯಾಗಿದ್ದು ಅದರಿಂದ. ಅಡುಗೆಯವನ ಆ ಹಟ ವೈದ್ಯಶಾಸ್ತ್ರದ ದಿಕ್ಕನ್ನೇ ತಿರುಗಿಸಿತು. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು. ತವುಡಿನಲ್ಲಿದ್ದ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದೂ ಬಟಾವಿಯಾದಲ್ಲೇ, 1926ರಲ್ಲಿ. ಅದೇ ಥಯಮಿನ್, ವಿಟಮಿನ್ ಬಿ1. ಪ್ರತಿದಿನ ನಾವು ಕಿಟಕಿಯಲ್ಲಿ ಎಣಿಸಿ ಕೊಡುವ ಮಾತ್ರೆ.

ಇನ್ನೊಂದು ತುದಿ ಕೌಲಾಲಂಪುರದಲ್ಲಿದೆ. ಅಲ್ಲಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ 1905ರಲ್ಲಿ ಡಾ. ವಿಲಿಯಂ ಫ್ಲೆಚರ್ ಅರ್ಧ ಜನರಿಗೆ ಸಯಾಮಿನ ಬಿಳಿ ಅಕ್ಕಿ, ಇನ್ನರ್ಧ ಜನರಿಗೆ ಭಾರತದ ಕುಚ್ಚಲಕ್ಕಿ ಹಾಕಿ ನೋಡಿದರು. ಬೆರಿಬೆರಿ ಬಿಳಿ ಅಕ್ಕಿಯವರನ್ನೇ ಹಿಡಿಯಿತು, ಅವರಲ್ಲಿ ಸತ್ತವರೂ ಇದ್ದರು. ಕಾರಣ ಸರಳ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸಿದಾಗ ತವುಡಿನ ಸತ್ವದ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ. ನಮ್ಮ ಅಜ್ಜಿಯಂದಿರು ಹಂಡೆಯಲ್ಲಿ ಭತ್ತ ಬೇಯಿಸಿ ಅಂಗಳದಲ್ಲಿ ಹರಗುವಾಗ ಮಾಡುತ್ತಿದ್ದದ್ದು ಇದನ್ನೇ.

ಕೌಂಟರಿನ ಮಾತು ಒಂದು ಹೇಳಿ ಮುಂದೆ ಹೋಗುತ್ತೇವೆ. ಕುಚ್ಚಲಕ್ಕಿ ಎಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರು ಎರಡು ತಟ್ಟೆ ಉಣ್ಣಬಹುದು ಎಂದಲ್ಲ. ಅಳತೆ ಅಳತೆಯೇ. ಕ್ಯಾಂಪಿನಲ್ಲಿ ಬರೀ ಬಿಳಿ ಅನ್ನ, ತಿಳಿಸಾರಿನಲ್ಲಿ ದಿನ ದೂಡುವ ತಮ್ಮಂದಿರು ಬೇಳೆ, ಕಾಳು, ಮೊಟ್ಟೆ, ಮೀನು ಇವುಗಳಲ್ಲಿ ಒಂದನ್ನಾದರೂ ಸೇರಿಸಿಕೊಳ್ಳಿ. ಕಾಲು ಜೋಮು ಹಿಡಿದರೆ ನೋವಿನ ಮಾತ್ರೆ ನುಂಗಿ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ.

ಹಮದ್ ಬಂದರಿನಿಂದ ಹಡಿಲು ಗದ್ದೆಯವರೆಗೆ

ವುಕೈರ್‌ನ ನಮ್ಮ ಮನೆಯಿಂದ ಅಲ್ ವಕ್ರಾದ ಹಳೇ ಸೂಕ್‌ಗೆ ಕಾರಿನಲ್ಲಿ ಸ್ವಲ್ಪವೇ ಹೊತ್ತು. ಮುತ್ತು ತೆಗೆಯುವವರ, ಮೀನುಗಾರರ ಊರಾಗಿದ್ದ ಆ ದಡದಲ್ಲಿ ಶುಕ್ರವಾರ ಸಂಜೆ ಕುಳಿತರೆ ದೋವ್ ಹಡಗುಗಳು ಕಾಣುತ್ತವೆ. ದಕ್ಷಿಣಕ್ಕೆ ಹಮದ್ ಬಂದರು. ಅಲ್ಲಿಗೆ ಊರಿನಿಂದ ಬರುವ ಹಡಗು ಇಂದಿಗೂ ಹೊರ್ಮುಜ್ ಜಲಸಂಧಿಯನ್ನು ದಾಟಿಯೇ ಬರಬೇಕು.

2017ರ ಜೂನಿನಲ್ಲಿ ನೆರೆ ದೇಶಗಳು ಗಡಿ ಮುಚ್ಚಿದ ವಾರ ನಿಮಗೂ ನೆನಪಿರಬಹುದು. ಫಾರ್ಮಸಿಯಲ್ಲಿ ನಾವು ದಿನಕ್ಕೆರಡು ಬಾರಿ ಕಪಾಟು ಎಣಿಸುತ್ತಿದ್ದೆವು. ಅದೇ ತಿಂಗಳು ಮುಂದ್ರಾ, ನವಾ ಶೇವಾ ಬಂದರುಗಳಿಂದ ಹಮದ್‌ಗೆ ನೇರ ಹಡಗು ಶುರುವಾಯಿತು. ಐನೂರು ವರ್ಷ ಹಿಂದಿನ ಹೊರ್ಮುಜಿನ ಹಸಿವು ಎಂಥದ್ದು ಎಂದು ಆಗ ನಮಗೆ ಗೊತ್ತಿರಲಿಲ್ಲ. ಈಗ ಅರ್ಥವಾಗುತ್ತದೆ. 2023ರ ಜುಲೈಯಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಆಗಸ್ಟಿನಲ್ಲಿ ಕುಚ್ಚಲಕ್ಕಿಯ ಮೇಲೆ ಶೇ. 20 ಸುಂಕ ಹಾಕಿತು. ಅದು ಪೂರ್ತಿ ಹೋದದ್ದು 2024ರ ಅಕ್ಟೋಬರಿನಲ್ಲಿ. ಆ ದಿನಗಳಲ್ಲಿ ಗ್ರೋಸರಿಯಲ್ಲಿ ಕೇರಳದ ಮಟ್ಟ ಅಕ್ಕಿಯ ಚೀಲ ಹಿಡಿದು, ರೇಟು ನೋಡಿ, ಮತ್ತೆ ಕೆಳಗಿಟ್ಟವರಲ್ಲಿ ನಾವೂ ಸೇರಿದ್ದೇವೆ.

ಚೀಲ ಕೆಳಗಿಡುವಾಗ ನೆನಪಾಗುತ್ತಿದ್ದದ್ದು ನಮ್ಮದೇ ಗದ್ದೆ. ಅಪ್ಪಯ್ಯ ಹೋದ ಮೇಲೆ ಮೂರು ವರ್ಷ ಅದು ಹಡಿಲು ಬಿದ್ದಿತ್ತು. ಗೇಣಿಗೆ ಕೊಡಲು ಕಾನೂನಿನ ಹೆದರಿಕೆ, ಮಾಡಿಸಲು ಜನ ಇಲ್ಲ. “ಈ ಸಲವೂ ಆಳ್ ಸಿಕ್ಲಿಲ್ಲ ಮಗಾ” ಎಂದು ಅಮ್ಮ ಫೋನಿನಲ್ಲಿ ಹೇಳುವಾಗ ನಾವು ಬೇಗ ಮಾತು ಬದಲಿಸುತ್ತಿದ್ದೆವು. ಸೈಟು ಮಾಡಲು ಕೇಳಿದವರೂ ಇದ್ದರು. ಅವರು ಹೇಳಿದ ಮೊತ್ತ ಕಮ್ಮಿಯದ್ದಲ್ಲ, ನಮ್ಮ ಮನೆ ಸಾಲ ಒಂದೇ ಏಟಿಗೆ ತೀರುತ್ತಿತ್ತು. ಆಳು ಸಿಗದಿರಲು ಕಾರಣ ನಾವೇ ಎಂಬುದೂ ಗೊತ್ತಿತ್ತು. ಆ ಗದ್ದೆಗಿಳಿಯಬೇಕಾದವರೆಲ್ಲ ದೋಹಾದಲ್ಲಿ, ದುಬೈಯಲ್ಲಿ, ಬೆಂಗಳೂರಿನಲ್ಲಿ ಇದ್ದೇವೆ. ಒಂದು ಕಾಲದಲ್ಲಿ ಅಕ್ಕಿಯನ್ನು ಇತ್ತ ಕಳಿಸಿದ ಕರಾವಳಿ ಈಗ ಅಕ್ಕಿ ಬೆಳೆಯುವ ಕೈಗಳನ್ನು ಕಳಿಸುತ್ತಿದೆ.

ಸಿಸ್ಟರ್ ಕೇಳಿದ ಪ್ರಶ್ನೆಯ ನಂತರ ಮನೆಯವರೆಲ್ಲ ಕುಳಿತು ಮಾತಾಡಿದೆವು. ಸುಲಭದಲ್ಲಿ ಒಮ್ಮತ ಆಗಲಿಲ್ಲ. ಕೊನೆಗೆ ಮೇಲಿನ ಎರಡು ಗದ್ದೆ ಮಾರುವುದು, ಹೊಳೆ ಕಡೆಯ ಒಂದೂವರೆ ಎಕರೆ ಇಟ್ಟುಕೊಳ್ಳುವುದು ಎಂದಾಯಿತು. ಮಾರಿದ್ದರ ಬಗ್ಗೆ ಅಮ್ಮನಿಗೆ ಬೇಸರ ಹೋಗಿಲ್ಲ. ನಮಗೂ ಅಷ್ಟೆ. ಉಳಿದ ಗದ್ದೆಗೆ ಈ ಮಳೆಗಾಲದಲ್ಲಿ ಬಾಡಿಗೆಯ ನಾಟಿ ಯಂತ್ರ ಇಳಿಯಿತು. ಖರ್ಚು ನಮ್ಮದು, ಮೇಲ್ವಿಚಾರಣೆ ಪಕ್ಕದ ಮನೆಯ ಅಣ್ಣನದು, ಬೆಳೆಯಲ್ಲಿ ಅವರಿಗೂ ಪಾಲು. ಲೆಕ್ಕ ಹಾಕಿದರೆ ಲಾಭ ಇಲ್ಲ. ನಷ್ಟ ಎಷ್ಟು ಎಂದು ಎರಡು ವರ್ಷ ನೋಡಿ ತೀರ್ಮಾನಿಸುವುದು ಎಂದುಕೊಂಡಿದ್ದೇವೆ.

ರಜೆಯಿಂದ ಮರಳುವಾಗ ಲಗೇಜಿನಲ್ಲಿ ಐದು ಕಿಲೋ ಹೊಸ ಕುಚ್ಚಲಕ್ಕಿ ಬಂತು. ಶುಕ್ರವಾರ ಗಂಜಿ ಮಾಡಿ, ತೆಂಗಿನಕಾಯಿ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟು ಆ ಸಿಸ್ಟರ್‌ನ ಮನೆಗೆ ಕರೆದೆವು. ಅವರ ಪ್ರಶ್ನೆಗೆ ಈ ಸಲ ಉತ್ತರ ಕೊಟ್ಟೆವು: ನಮ್ಮ ಬಂದರು ಬಸ್ರೂರು, ಇದು ಅದರ ಅಕ್ಕಿ. ಅವರು ಎರಡನೇ ಸಲ ಬಡಿಸಿಕೊಂಡರು.

ಓದುಗ ಬಂಧುಗಳೇ, ನಿಮ್ಮಲ್ಲಿ ಹೊನ್ನಾವರದವರಿದ್ದೀರಿ, ಭಟ್ಕಳದವರಿದ್ದೀರಿ, ಬಾರ್ಕೂರು, ಉಳ್ಳಾಲ, ಕಾಸರಗೋಡಿನವರಿದ್ದೀರಿ. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರಲ್ಲಿ ಒಂದು ಮಾತು ಕೇಳಿ ಬನ್ನಿ: ನಮ್ಮ ಹೊಳೆಯಿಂದ ಏನು ಹೋಗುತ್ತಿತ್ತು, ಏನು ಬರುತ್ತಿತ್ತು? ಸಿಕ್ಕ ಉತ್ತರವನ್ನು ಮುಂದಿನ ವರ್ಷದ ಸಂಚಿಕೆಗೆ ಬರೆದು ಕಳಿಸಿ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿಕೊಳ್ಳೋಣ.